ನೂರು ಎಕರೆ ಎರೆಹೊಲಕ್ಕೆ ಗೊಬ್ಬರ ಎಲ್ಲಿಂದ ತರುತ್ತೀರಿ? ಕಲಬುರಗಿ ಸೀಮೆಯ ದೊಡ್ಡ ಹಿಡುವಳಿಗೆ ಪುನಶ್ಚೇತನ ಕೃಷಿಯ ಮಾರ್ಗದರ್ಶಿ

ದೊಡ್ಡ ಹೊಲದವರಿಗೆ ಯಾರಾದರೂ ‘ಸಾವಯವ ಮಾಡ್ರಿ’ ಎಂದಾಗ ನಾನು ಮೊದಲು ಟ್ರಾಲಿ ಎಣಿಸುತ್ತೇನೆ. ತೊಗರಿಗೆ ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಎಂದರೆ ನೂರು ಎಕರೆಗೆ 300 ಟನ್. ಟ್ರಾಲಿಗೆ ಎರಡೂವರೆ ಟನ್ ಹಿಡಿದರೂ 120 ಟ್ರಾಲಿ, ಅದೂ ವರ್ಷ ವರ್ಷ. ಚಿತ್ತಾಪುರ, ಸೇಡಂ, ಜೇವರ್ಗಿ ಕಡೆಯ ಊರುಗಳಲ್ಲಿ ಇವತ್ತು ಅಷ್ಟು ತಿಪ್ಪೆಗಳೇ ಉಳಿದಿಲ್ಲ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರ್ ಸೆಗಣಿ ಹಾಕುವುದಿಲ್ಲ. ಸೆಗಣಿ, ಗಂಜಲ, ಬೆಲ್ಲ ಕೊಳೆಸಿ ಮಾಡುವ ಜೀವಾಮೃತ ಆದೀತೇ ಎಂದರೆ, ಎಕರೆಗೆ 200 ಲೀಟರ್ ಲೆಕ್ಕದಲ್ಲಿ ನೂರು ಎಕರೆಗೆ 20 ಸಾವಿರ ಲೀಟರ್, ಅಂದರೆ ನೂರು ಡ್ರಮ್ಮು. ಕಲಕುವವರು ಯಾರು, ಸೋಸುವವರು ಯಾರು?

ಎರಡು ಎಕರೆಯ ಪಾಕವನ್ನು ಐವತ್ತರಿಂದ ಗುಣಿಸಿದರೆ ನೂರು ಎಕರೆಯ ಪಾಕ ಆಗುವುದಿಲ್ಲ. ದೊಡ್ಡ ಹೊಲದ ಗೊಬ್ಬರವನ್ನು ಆ ಹೊಲದಲ್ಲೇ ಬೆಳೆಯಬೇಕು, ಆ ಹೊಲದ ಮೇಲೆ ಬಿದ್ದ ಮಳೆಯಿಂದಲೇ ಬೆಳೆಯಬೇಕು. ಪುನಶ್ಚೇತನ ಕೃಷಿ ಎಂದು ಈಗ ಎಲ್ಲರೂ ಹೇಳುವುದರ ತಿರುಳು ನನ್ನ ಮಟ್ಟಿಗೆ ಇಷ್ಟೇ. ನೆಲ ಬೆತ್ತಲೆ ಇರಬಾರದು, ಸುಮ್ಮಸುಮ್ಮನೆ ಕೆದಕಬಾರದು, ಒಂದೇ ಬೆಳೆಯ ಮೇಲೆ ಕೂರಬಾರದು, ವರ್ಷದಲ್ಲಿ ಆದಷ್ಟು ದಿನ ಮಣ್ಣಿನಲ್ಲಿ ಜೀವಂತ ಬೇರು ಇರಬೇಕು, ಜೊತೆಗೆ ದನ-ಕುರಿಯ ಕಾಲೂ ಬೀಳಬೇಕು.

ಬ್ರೆಜಿಲ್‌ನ ಪರಾನಾ ರಾಜ್ಯದಲ್ಲಿ ಹರ್ಬರ್ಟ್ ಬಾರ್ಟ್ಸ್ ಎಂಬ ರೈತ 1972ರಲ್ಲೇ ಉಳುಮೆ ಬಿಟ್ಟು ನೇರ ಬಿತ್ತನೆ ಶುರು ಮಾಡಿದ. ಅಮೆರಿಕದ ನಾರ್ತ್ ಡಕೋಟಾದ ಗೇಬ್ ಬ್ರೌನ್ ಸಾವಿರಾರು ಎಕರೆಯಲ್ಲಿ ಇದನ್ನೇ ಮಾಡಿದ್ದಾನೆ. ಅವರ ವಿಡಿಯೊ ನೋಡಿ, ಆದರೆ ಹಾಗೇ ಇಳಿಸಬೇಡಿ. ಪರಾನಾದಲ್ಲಿ ನಮ್ಮ ಇಮ್ಮಡಿ ಮಳೆ, ಡಕೋಟಾದಲ್ಲಿ ಆರು ತಿಂಗಳು ಚಳಿ. ನಮಗೆ ಬೀಳುವುದು ಸುಮಾರು 750 ಮಿ.ಮೀ., ಅದರಲ್ಲೂ ಮುಕ್ಕಾಲು ಪಾಲು ನಾಲ್ಕೇ ತಿಂಗಳಲ್ಲಿ. ನಮ್ಮ ಕಪ್ಪು ಎರೆಮಣ್ಣಿನಲ್ಲಿ ಏಪ್ರಿಲ್-ಮೇದಲ್ಲಿ ಕೈ ತೂರುವಷ್ಟು ಬಿರುಕು, ಆಗಸ್ಟ್‌ನಲ್ಲಿ ಚಪ್ಪಲಿ ಕಿತ್ತುಕೊಳ್ಳುವ ಕೆಸರು.

ಮೊದಲ ಹೆಜ್ಜೆ: ಮಳೆ ಬೀಳುವಾಗ ಹೊಲ ತಿರುಗಿ

ಜೂನ್-ಜುಲೈನ ಒಂದು ಜೋರು ಮಳೆಗೆ ಕೊಡೆ ಹಿಡಿದು ಹೊಲಕ್ಕೆ ಹೋಗಿ. ನೀರು ಎಲ್ಲಿ ಕೂಡುತ್ತದೆ, ಎಲ್ಲಿ ಒಡ್ಡು ಹಾರುತ್ತದೆ, ಎಲ್ಲಿ ರಾಡಿಯಾಗಿ ಹರಿಯುತ್ತದೆ, ಎಲ್ಲಿ ಮೂರು ದಿನವಾದರೂ ನಿಂತೇ ಇರುತ್ತದೆ ಎಂಬುದನ್ನು ಸರ್ವೆ ನಕಾಶೆಯ ಜೆರಾಕ್ಸ್ ಮೇಲೆ ಪೆನ್ನಿನಿಂದ ಗುರುತು ಹಾಕಿ. ಆಮೇಲೆ ಹೊಲವನ್ನು ಹತ್ತು-ಹದಿನೈದು ಎಕರೆಯ ತುಂಡುಗಳಾಗಿ ಮಾಡಿ, ಸರ್ವೆ ನಂಬರ್ ನೋಡದೆ ಮಣ್ಣು ಮತ್ತು ಇಳಿಜಾರು ನೋಡಿ. ಆಳ ಎರೆ ಬೇರೆ, ಸುಣ್ಣಕಲ್ಲು ಬೆರೆತ ತೆಳು ಮಣ್ಣು ಬೇರೆ. ಮುಂದಿನದೆಲ್ಲ ಈ ತುಂಡುಗಳ ಲೆಕ್ಕದಲ್ಲೇ ನಡೆಯುತ್ತದೆ.

ಪ್ರತಿ ತುಂಡಿಗೂ ಮಣ್ಣು ಪರೀಕ್ಷೆ ಮಾಡಿಸಿ. ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಒಳ್ಳೆಯದು. ಗಂಧಕ, ಸತು, ಬೋರಾನ್ ಕೂಡ ನೋಡಿಸಿ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ನಮ್ಮ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಎದ್ದು ಕಂಡ ಕೊರತೆ ಈ ಮೂರೇ.

ಖರ್ಚಿಲ್ಲದ ಇನ್ನೊಂದು ಪರೀಕ್ಷೆ ಇದೆ. ಆರು ಇಂಚು ಅಗಲದ ಪೈಪಿನ ತುಂಡೊಂದನ್ನು ಅರ್ಧದವರೆಗೆ ನೆಲಕ್ಕೆ ಬಡಿಯಿರಿ. ಒಳಗೆ 450 ಮಿ.ಲೀ. ನೀರು ಹಾಕಿ, ಅದು ಒಂದು ಇಂಚು ಮಳೆಗೆ ಸಮ. ಅದು ಇಂಗಿದ ಮೇಲೆ ಇನ್ನೊಮ್ಮೆ ಅಷ್ಟೇ ಹಾಕಿ, ಎರಡನೆಯದು ಇಂಗಲು ಎಷ್ಟು ನಿಮಿಷ ಬೇಕಾಯಿತೋ ಅದನ್ನು ಬರೆದಿಡಿ. ಬಿರುಕು ಬಿಟ್ಟ ಬೇಸಿಗೆಯಲ್ಲಿ ಮಾಡಿದರೆ ಎರೆಹೊಲ ನಿಮ್ಮನ್ನು ಏಮಾರಿಸುತ್ತದೆ, ನೀರೆಲ್ಲ ಬಿರುಕಿಗೆ ಹೋಗುತ್ತದೆ. ಬಿತ್ತನೆಯಾಗಿ ಒಂದು ತಿಂಗಳ ಮೇಲೆ ಮಾಡಿ. ಅದೇ ದಿನ ಬದುವಿನ ಮೇಲೆ, ಎಂದೂ ಉಳದ ಜಾಗದಲ್ಲೂ ಒಂದು ಸಲ ಮಾಡಿ ನೋಡಿ. ನನಗೆ ಯಾವ ಭಾಷಣಕ್ಕಿಂತ ಹೆಚ್ಚು ಹೇಳಿದ್ದು ಆ ಬದುವಿನ ಪೈಪು.

ಎರಡನೆಯದು: ನೀರಿಗೆ ದಾರಿ

ಒಂದು ಎಕರೆ ಮೇಲೆ ಒಂದು ಇಂಚು ಮಳೆ ಎಂದರೆ ಒಂದು ಲಕ್ಷ ಲೀಟರ್ ನೀರು. ನೂರು ಎಕರೆಗೆ ಒಂದು ಕೋಟಿ. ಇದನ್ನು ಅಡ್ಡಗಟ್ಟಿ ನಿಲ್ಲಿಸುತ್ತೇನೆ ಎಂದು ಆಳವಾದ ಎರೆಯಲ್ಲಿ ದಪ್ಪ ಸಮಪಾತಳಿ ಒಡ್ಡು ಹಾಕಿದವರು ಕೆಟ್ಟಿದ್ದಾರೆ. ನೀರು ಒಡ್ಡಿನ ಮೇಲ್ಬದಿ ನಿಂತು ತೊಗರಿ ಹಳದಿಯಾಗುತ್ತದೆ, ಬೇಸಿಗೆಯಲ್ಲಿ ಒಡ್ಡೇ ಬಿರುಕು ಬಿಟ್ಟು ಮುಂದಿನ ಮಳೆಗೆ ಒಡೆಯುತ್ತದೆ. ಎರೆಯಲ್ಲಿ ನೀರನ್ನು ತಡೆಯುವುದಕ್ಕಿಂತ ನಿಧಾನ ಮಾಡುವುದು ಮುಖ್ಯ.

ಅದಕ್ಕೆ ಅಗಲ ಏರುಮಡಿ ಪದ್ಧತಿ ಇದೆ. ಐದು ಅಡಿಗೊಂದರಂತೆ ಮಡಿ, ನಡುವೆ ಒಂದೂವರೆ ಅಡಿಯಷ್ಟು ತಗ್ಗು ಸಾಲು, ನೂರು ಅಡಿಗೆ ಅರ್ಧ ಅಡಿ ಆಸುಪಾಸಿನ ಇಳಿಜಾರು. ಹೆಚ್ಚಾದ ನೀರು ತಗ್ಗು ಸಾಲಿನಲ್ಲಿ ಮೆಲ್ಲಗೆ ಸರಿದು ಹುಲ್ಲು ಬೆಳೆಸಿದ ಕಾಲುವೆಗೆ, ಅಲ್ಲಿಂದ ಕೃಷಿ ಹೊಂಡಕ್ಕೆ. ಬೀದರಿನಿಂದ ಜಹೀರಾಬಾದ್ ಮೇಲೆ ಹೈದರಾಬಾದಿಗೆ ಹೋಗುವ ದಾರಿಯಲ್ಲೇ ಪಟಂಚೆರು ಇದೆ. ಅಲ್ಲಿನ ಇಕ್ರಿಸ್ಯಾಟ್ ಎಂಬ ಒಣಬೇಸಾಯದ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ನಮ್ಮಂಥದೇ ಎರೆಮಣ್ಣಿನಲ್ಲಿ 1976ರಿಂದ ಇದನ್ನು ನಡೆಸಿಕೊಂಡು ಬಂದಿದೆ. ಜೋಳ-ತೊಗರಿ ಮಿಶ್ರ ಬೆಳೆಯ ಆ ತುಂಡಿನಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 5 ಟನ್ ಕಾಳು, ಪಕ್ಕದ ಹಳೆ ಪದ್ಧತಿಯ ಹೊಲದಲ್ಲಿ ಸುಮಾರು 1 ಟನ್. ಇದು ಬರೀ ಮಡಿಯ ಮಹಿಮೆ ಅಲ್ಲ, ತಳಿ, ಗೊಬ್ಬರ, ಮುಂಗಾರಿಯಲ್ಲೂ ಬೆಳೆ, ಎಲ್ಲ ಸೇರಿದ ಲೆಕ್ಕ. ಆದರೆ ಬುಡದಲ್ಲಿದ್ದದ್ದು ನೀರಿನ ದಾರಿ.

ದೊಡ್ಡ ಹೊಲಕ್ಕೆ ಇದರಿಂದ ಇನ್ನೊಂದು ಲಾಭ ಇದೆ, ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಟ್ರ್ಯಾಕ್ಟರ್ ಗಾಲಿಗಳ ಅಂತರವನ್ನು ಐದು ಅಡಿಗೆ ಹೊಂದಿಸಿಕೊಂಡರೆ ಬಿತ್ತನೆಗೂ ಎಡೆಗೂ ಔಷಧಕ್ಕೂ ಗಾಲಿ ತಗ್ಗು ಸಾಲಿನಲ್ಲೇ ಓಡುತ್ತದೆ, ಮಡಿಯ ಮೇಲೆ ವರ್ಷವಿಡೀ ಭಾರ ಬೀಳುವುದಿಲ್ಲ. ರಾಶಿ ಮಷಿನ್, ಅಂದರೆ ಕಂಬೈನ್, ಬಂದಾಗ ಮಾತ್ರ ಈ ಶಿಸ್ತು ಮುರಿಯುತ್ತದೆ. ಅದು ಬರುವ ಮುಂಚೆ ನಾಲ್ಕು ಇಂಚು ಆಳದ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. ಪೆನ್ಸಿಲ್ ದಪ್ಪದ ಬತ್ತಿ ಆಗುತ್ತಿದ್ದರೆ ನಾಲ್ಕು ದಿನ ತಡೆಯಿರಿ. ಮಷಿನ್‌ನವ ಬೈದರೂ ತಡೆಯಿರಿ.

ಕೃಷಿ ಹೊಂಡಕ್ಕೆ 2014ರಲ್ಲಿ ಶುರುವಾದ ಕೃಷಿಭಾಗ್ಯದಂಥ ಯೋಜನೆಗಳಿವೆ. ಈ ವರ್ಷ ಅನುದಾನ ಹೇಗಿದೆ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹೊಂಡದ ಜಾಗ ಮಾತ್ರ ನಿಮ್ಮ ಮಳೆ ನಕಾಶೆ ನೋಡಿ ಗೊತ್ತು ಮಾಡಿ. ರಸ್ತೆಗೆ ಹತ್ತಿರ ಎಂದು ದಿನ್ನೆಯ ಮೇಲೆ ತೋಡಿಸಿದ ಹೊಂಡಗಳನ್ನು ನಾನು ಕಂಡಿದ್ದೇನೆ.

ಮೂರನೆಯದು: ಮುಂಗಾರಿಯಲ್ಲಿ ಹೊಲ ಬೆತ್ತಲೆ ಬಿಡಬೇಡಿ

ನಿಜವಾದ ಕೆಲಸ ಇರುವುದು ಇಲ್ಲಿ, ಹಾಗೆಯೇ ನಾನು ಕೈ ಸುಟ್ಟುಕೊಂಡದ್ದೂ ಇಲ್ಲೇ.

ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆಯ ಹೊಲಗಳನ್ನು ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಲಿ ಬಿಡುತ್ತೇವೆ. ಖಾಲಿ ಎಂದರೆ ಸುಮ್ಮನೆ ಅಲ್ಲ, ಕಸ ಎದ್ದಾಗಲೆಲ್ಲ ಕುಂಟಿ ಹೊಡೆದು ಹರಗುತ್ತಲೇ ಇರುತ್ತೇವೆ. ‘ಹರಗಿದಷ್ಟು ಹಸಿ ಉಳೀತದ’ ಎಂದು ನಮ್ಮ ಕಾಕಾ ಇವತ್ತಿಗೂ ಹೇಳುತ್ತಾರೆ, ಅವರ ಮಾತು ಪೂರಾ ಸುಳ್ಳಲ್ಲ. ಆದರೆ ವರ್ಷದ ಜೋರು ಮಳೆಯೆಲ್ಲ ಆ ಹರಗಿದ ಹುಡಿಮಣ್ಣಿನ ಮೇಲೆ ಬೀಳುತ್ತದೆ. ಕಾಗಿಣಾ, ಭೀಮಾ ನದಿಗಳಲ್ಲಿ ಆಗ ಹರಿಯುವ ಬಣ್ಣ ನಮ್ಮ ಹೊಲದ್ದು.

ಮಾಡಬೇಕಾದದ್ದು ಹೀಗೆ. ಮಿರಗ (ಮೃಗಶಿರಾ) ಮಳೆಗೆ, ಅಂದರೆ ಜೂನ್ ಮೊದಲರ್ಧದಲ್ಲಿ, ಹದ ಬಿದ್ದ ಕೂಡಲೇ ಆ ತುಂಡಿನಲ್ಲಿ ಹೆಸರು ಇಲ್ಲವೇ ಹಸಿರೆಲೆ ಗೊಬ್ಬರದ ಸೆಣಬು ಬಿತ್ತಿ. ಹೆಸರು 65 ದಿನದ ಆಸುಪಾಸಿನಲ್ಲಿ ಬರುತ್ತದೆ, ರೊಕ್ಕವೂ ಕೊಡುತ್ತದೆ, ಕಾಯಿ ಬಿಡಿಸಿದ ಮೇಲೆ ಬಳ್ಳಿ ಹೊಲಕ್ಕೇ. ಸೆಣಬಾದರೆ ಎಕರೆಗೆ 20ರಿಂದ 25 ಕೆ.ಜಿ. ಬೀಜ, 45-50 ದಿನಕ್ಕೆ ಹೂ ಕಾಣುವ ಹೊತ್ತಿಗೆ ಕೆಡವಬೇಕು. ಕೆಡವಲು ರೋಟವೇಟರ್ ಹಾಕಿ ಕಲಸುವುದಕ್ಕಿಂತ ರೋಲರ್ ಎಳೆದು ಮಲಗಿಸುವುದು ಲೇಸು. ಹಳೆ ರೋಡ್ ರೋಲರ್‌ನ ಡ್ರಮ್ಮಿಗೋ ದಪ್ಪ ಪೈಪಿಗೋ ಪಟ್ಟಿ ಬೆಸುಗೆ ಹಾಕಿಸಿದರೆ ಸಾಕು, ತಾಲ್ಲೂಕಿನ ಯಾವ ವೆಲ್ಡಿಂಗ್ ಅಂಗಡಿಯವನೂ ಮಾಡಿಕೊಡುತ್ತಾನೆ. ಮಲಗಿದ ಸೆಣಬು ಚಾಪೆಯ ಹಾಗೆ ನೆಲ ಮುಚ್ಚುತ್ತದೆ, ಉತ್ತರಿ-ಹಸ್ತ ಮಳೆಯಲ್ಲಿ, ಅಂದರೆ ಸೆಪ್ಟೆಂಬರ್ ನಡುಭಾಗದ ಮೇಲೆ, ಅದರ ನಡುವೆಯೇ ಜೋಳ ಬಿತ್ತಬಹುದು. ಕೂರಿಗೆಗೆ ಕಸ ಸಿಕ್ಕಿಕೊಳ್ಳುತ್ತದೆ ಎನ್ನುವವರು ಮುಂದೆ ಡಿಸ್ಕ್ ಇರುವ ನೇರ ಬಿತ್ತನೆ ಕೂರಿಗೆಯನ್ನು ಬಾಡಿಗೆಗೆ ತಂದು ಒಂದು ತುಂಡಿನಲ್ಲಿ ನೋಡಿ, ಕೊಳ್ಳುವುದು ಆಮೇಲೆ.

ಈಗ ನನ್ನ ಕಥೆ. ಮೊದಲ ವರ್ಷ ಉತ್ಸಾಹದಲ್ಲಿ 20 ಎಕರೆಗೆ ಒಂದೇ ಸಲ ಸೆಣಬು ಹಾಕಿದೆ. ಜುಲೈ ಚೆನ್ನಾಗಿತ್ತು, ಆಳೆತ್ತರ ಬಂತು, ಬಂದವರೆಲ್ಲ ಫೋಟೊ ತೆಗೆದರು. ಆಗಸ್ಟ್‌ನಲ್ಲಿ ಮಳೆ ಕೈ ಕೊಟ್ಟಿತು. ಇನ್ನೊಂದು ವಾರ, ಇನ್ನೊಂದು ವಾರ ಎಂದು ನಾನು ಸೆಣಬು ಬಿಟ್ಟುಕೊಂಡು ಕೂತೆ, ಅದು ನೆಲದ ಹಸಿಯನ್ನೆಲ್ಲ ಕುಡಿಯಿತು. ಹಿಂಗಾರಿ ಜೋಳ ಅರ್ಧಕ್ಕರ್ಧ ಹುಟ್ಟಲಿಲ್ಲ. ಪಕ್ಕದ ಹರಗಿದ ಹೊಲ ತುಂಬ ಜೋಳ ನಿಂತಿತ್ತು. ಕಾಕಾ ಏನೂ ಅನ್ನಲಿಲ್ಲ, ಅದೇ ಹೆಚ್ಚು ಉರಿಯಿತು.

ಆಗಿನಿಂದ ನನ್ನ ನಿಯಮ: ಮಘಾ ಮಳೆ ಹುಟ್ಟುವ ಹೊತ್ತಿಗೆ, ಅಂದರೆ ಆಗಸ್ಟ್ ನಡುಭಾಗಕ್ಕೆ, ಒಂದು ಅಡಿ ತೋಡಿ ನೋಡುತ್ತೇನೆ. ಕೆಳಗಿನ ಮಣ್ಣು ಉಂಡೆ ಕಟ್ಟದಿದ್ದರೆ ಹೂ ಬರಲಿ ಬಿಡಲಿ, ಅದೇ ದಿನ ಕೆಡವುತ್ತೇನೆ. ಹೊದಿಕೆ ಬೆಳೆಯ ಎತ್ತರ ನೋಡಿ ಹಿಗ್ಗಬಾರದು. ಅದು ಜೋಳಕ್ಕಾಗಿ ಇರುವುದು. ಮೂರನೇ ಒಂದು ಪಾಲಿಗಿಂತ ಹೆಚ್ಚು ಹಿಂಗಾರಿ ಹೊಲಕ್ಕೆ ಒಂದೇ ವರ್ಷ ಹಾಕುವುದೂ ಬೇಡ.

ಉಳುಮೆ: ಏನನ್ನು ಮೊದಲು ಬಿಡಬೇಕು

ಎರೆಮಣ್ಣು ತನ್ನನ್ನು ತಾನೇ ಉಳುತ್ತದೆ. ಬೇಸಿಗೆಯಲ್ಲಿ ಬಿರಿದು, ಮೇಲಿನ ಹುಡಿ ಬಿರುಕಿಗೆ ಬಿದ್ದು, ಮಳೆಗೆ ಉಬ್ಬಿ ಮತ್ತೆ ಕೂಡಿಕೊಳ್ಳುವ ಮಣ್ಣು ಇದು. ಹೀಗಿರುವಾಗ ಪ್ರತಿ ವರ್ಷ ಪಲ್ಟಿ ನೇಗಿಲು ಹೊಡೆದು ಡೀಸೆಲ್ ಸುಡುವುದು ಏಕೆ? ಮೊದಲು ರೋಟವೇಟರ್ ಬಿಡಿ, ಮೇಲೆ ಹಿಟ್ಟು, ಕೆಳಗೆ ಗಚ್ಚು, ಅಂದರೆ ಬೇರು ಇಳಿಯದ ಗಟ್ಟಿ ಪದರ, ಮಾಡುವುದು ಅದೇ. ಆಮೇಲೆ ಪ್ರತಿ ವರ್ಷದ ಆಳ ಉಳುಮೆ.

ಕೃಷಿ ಇಲಾಖೆಯವರು ಮಾಗಿ ಉಳುಮೆ ಮಾಡಿ ಎನ್ನುವುದಕ್ಕೂ ಕಾರಣವಿದೆ. ಕಾಯಿಕೊರಕದ ಕೋಶ ಮಣ್ಣಿನಲ್ಲಿ ಇರುತ್ತದೆ, ನೆಟೆ ರೋಗದ ಶಿಲೀಂಧ್ರ ಬೇರುಗಳಲ್ಲಿ ಇರುತ್ತದೆ, ಬಿಸಿಲಿಗೆ ತಿರುವಿದರೆ ಅಷ್ಟಿಷ್ಟು ಸಾಯುತ್ತವೆ. ಕರಕಿ, ಜೇಕಿನಂಥ ಕಳೆ ಹಿಡಿದ ಹೊಲವನ್ನು ಉಳದೆ ಬಿಟ್ಟರೆ ಎರಡೇ ವರ್ಷದಲ್ಲಿ ಹೊಲ ನಿಮ್ಮದಲ್ಲ. ಹಾಗಾಗಿ ನಾನು ‘ಶೂನ್ಯ ಉಳುಮೆ’ ಎಂಬ ವ್ರತ ಹಿಡಿದಿಲ್ಲ. ರೋಗ, ಕರಕಿ ಇರುವ ತುಂಡಿಗೆ ಮಾತ್ರ ಮೂರು-ನಾಲ್ಕು ವರ್ಷಕ್ಕೊಮ್ಮೆ ನೇಗಿಲು, ಉಳಿದವಕ್ಕೆ ಬಿತ್ತುವ ಮುಂಚೆ ಒಂದು ಕುಂಟಿ. ಉಳುಮೆ ಬಿಟ್ಟು ಅದರ ಬದಲು ಕಳೆನಾಶಕದ ಕ್ಯಾನು ಹಿಡಿದರೆ ಏನು ಗಳಿಸಿದೆವು ಎಂಬ ಪ್ರಶ್ನೆಗೆ ನನಗೆ ಸಮಾಧಾನದ ಉತ್ತರ ಸಿಕ್ಕಿಲ್ಲ. ಎಡೆಕುಂಟಿ ಇರುವವರೆಗೆ ಅದೇ ಇರಲಿ.

ತೊಗರಿಯ ಮೇಲೆ ತೊಗರಿ ಬೇಡ

2022ರ ಹಂಗಾಮಿನಲ್ಲಿ ನಮ್ಮ ಭಾಗದಲ್ಲಿ ನೆಟೆ ರೋಗಕ್ಕೆ ತೊಗರಿ ನಿಂತಲ್ಲೇ ಒಣಗಿದ್ದನ್ನು ಯಾರೂ ಮರೆತಿಲ್ಲ. ತಳಿ ಬದಲಿಸುವುದು ಒಂದು ದಾರಿ. ಕಲಬುರಗಿ ಸಂಶೋಧನಾ ಕೇಂದ್ರದ ಟಿಎಸ್-3ಆರ್, ಜಿಆರ್‌ಜಿ-811 ನಮಗೆ ಗೊತ್ತಿರುವವೇ. ಬೀಜಕ್ಕೆ ಕೆ.ಜಿ.ಗೆ 4 ಗ್ರಾಂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಸವರುವುದೂ ಕಷ್ಟವಲ್ಲ. ಆದರೆ ನೆಟೆಯ ಶಿಲೀಂಧ್ರ ಬೆಳೆ ಕಸದ ಮೇಲೆ ವರ್ಷಗಟ್ಟಲೆ ಬದುಕುತ್ತದೆ. ಜೋಳದ ಜೊತೆ ಬೆಳೆದಾಗ, ಜೋಳದೊಂದಿಗೆ ಸರದಿ ಮಾಡಿದಾಗ ನೆಟೆ ಕಡಿಮೆಯಾಗುತ್ತದೆ ಎಂಬುದು ಪ್ರಯೋಗದಲ್ಲಿ ಕಂಡ ಮಾತು.

ದೊಡ್ಡ ಹೊಲದಲ್ಲಿ ಮಿಶ್ರ ಬೆಳೆ ಎಂದರೆ ಕಂಬೈನ್ ಏನು ಮಾಡುವುದು ಎಂದು ಕೇಳುತ್ತೀರಿ. ಸಾಲಿಗೆ ಸಾಲು ಬೆರೆಸಬೇಡಿ, ಪಟ್ಟೆ ಹಾಕಿ. ನಿಮ್ಮ ಊರಿಗೆ ಬರುವ ಮಷಿನ್‌ನ ಕಟ್ಟರ್ ಅಗಲ ಅಳೆದುಕೊಳ್ಳಿ. ಅದು 14 ಅಡಿ ಇದ್ದರೆ 28 ಅಡಿ ತೊಗರಿ, 28 ಅಡಿ ಜೋಳ ಅಥವಾ ಸಜ್ಜೆ. ಮುಂದಿನ ವರ್ಷ ಪಟ್ಟೆ ಅದಲು-ಬದಲು. ಮೊದಲು ಕೊಯ್ಯುವ ಬೆಳೆಯ ಪಟ್ಟೆಯೇ ಮಷಿನ್‌ಗೆ ದಾರಿಯಾಗುತ್ತದೆ. ಜೋಳದ ತೆನೆಗೆ ಬಂದ ಹಕ್ಕಿ ಪಕ್ಕದ ತೊಗರಿಯ ಕೀಡೆಯನ್ನೂ ಆರಿಸುತ್ತದೆ. ತೆನೆ ತಿನ್ನುವುದಿಲ್ಲವೇ ಎಂದರೆ, ತಿನ್ನುತ್ತದೆ, ಕೂಲಿ ಎಂದುಕೊಳ್ಳಿ. ಗಿಡ ಅಲುಗಾಡಿಸಿ ಕೀಡೆ ಉದುರಿಸುವ ನಮ್ಮ ಹಳೆ ಪದ್ಧತಿ ಚಂದವೇ, ಆದರೆ ನೂರು ಎಕರೆಗೆ ಆಳು ಸಿಗುವುದಿಲ್ಲ. ಪತಂಗ ಸೆಳೆಯುವ ಮೋಹಕ ಬಲೆ ಕಟ್ಟಿ, ಬಿದ್ದದ್ದನ್ನು ಎಣಿಸಿ, ಗಿಡಕ್ಕೊಂದು ಕೀಡೆ ಕಾಣುವವರೆಗೆ ಪಂಪು ಹೊರಗೆ ತೆಗೆಯಬೇಡಿ.

ಬೀದರ್ ಕಡೆಯವರಿಗೆ ಸೋಯಾ ನಡುವೆ ತೊಗರಿ ಹೊಸದಲ್ಲ, ಅಲ್ಲಿನ ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಹೊದಿಕೆ ಇನ್ನೂ ಹೆಚ್ಚು ಬೇಕು. ಯಾದಗಿರಿಯ ಶಹಾಪುರ, ಸುರಪುರದ ಕಾಲುವೆ ಭತ್ತದ ಲೆಕ್ಕವೇ ಬೇರೆ. ನಾರಾಯಣಪುರದ ನೀರು ಇದೆ ಎಂದು ಎರೆಯಲ್ಲಿ ಎರಡೆರಡು ಸಲ ಭತ್ತ ಹಾಕುವವರು ಒಂದು ಹಂಗಾಮನ್ನಾದರೂ ಕಾಳಿಗೆ ಬಿಡಿ, ಸವುಳು ಬರುವ ಮುಂಚೆಯೇ.

ಕಟ್ಟಿಗೆ, ಹೊಟ್ಟು, ಕುರಿ

ತೊಗರಿ ರಾಶಿಯಾದ ಮೇಲೆ ಮೂರು ವಸ್ತು ಉಳಿಯುತ್ತವೆ. ಹೊಟ್ಟು ಒಳ್ಳೆಯ ಮೇವು, ದನಕ್ಕೆ ಹಾಕಿ ಇಲ್ಲವೇ ಮಾರಿ. ಉದುರಿದ ಎಲೆ ಹೊಲದಲ್ಲೇ ಇದೆ, ಮುಟ್ಟಬೇಡಿ. ಕಟ್ಟಿಗೆಗೆ ಬೆಂಕಿ ಇಡುವುದನ್ನು ನಿಲ್ಲಿಸಿ, ಶ್ರೆಡ್ಡರ್ ಬಾಡಿಗೆಗೆ ತಂದು ಪುಡಿ ಮಾಡಿ ಮೇಲೆಯೇ ಬಿಡಿ. ಮಣ್ಣಿಗೆ ಕಲಸಬೇಡಿ, ಕಟ್ಟಿಗೆ ಕೊಳೆಯುವಾಗ ಮುಂದಿನ ಬೆಳೆಯ ಸಾರಜನಕ ಎಳೆದುಕೊಳ್ಳುತ್ತದೆ. ಆದರೆ ನೆಟೆ ಹತ್ತಿದ ಗಿಡಗಳ ಮಾತು ಬೇರೆ. ಅವನ್ನು ಡಿಸೆಂಬರಿನಲ್ಲೇ ಬೇರುಸಹಿತ ಕಿತ್ತು ಹೊರಗೆ ಸುಡಿ. ‘ಕಸ ಸುಡಬಾರದು’ ಎಂದು ಓದಿಕೊಂಡು ರೋಗದ ಗಿಡವನ್ನೂ ಪುಡಿ ಮಾಡಿ ಇಡೀ ಹೊಲಕ್ಕೆ ಹರಡಿದವರಿದ್ದಾರೆ.

ಇದರಿಂದ ಇಂಗಾಲ ಎಷ್ಟು ಏರುತ್ತದೆ? ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 800 ಟನ್ ತೂಗುತ್ತದೆ. ಇಂಗಾಲ ಶೇ. 0.1ರಷ್ಟು ಏರಬೇಕಾದರೆ 800 ಕೆ.ಜಿ. ಇಂಗಾಲ ಮಣ್ಣಿನಲ್ಲಿ ನಿಲ್ಲಬೇಕು. ಒಣಕಸದಲ್ಲಿ ಇಂಗಾಲ ಶೇ. 40ರ ಮೇಲಿದ್ದರೂ ಅದರ ಬಹುಪಾಲು ಕೊಳೆಯುವಾಗ ಗಾಳಿಗೆ ಹೋಗುತ್ತದೆ. ಆರರಲ್ಲಿ ಒಂದು ಪಾಲು ಉಳಿಯಿತು ಎಂದುಕೊಂಡರೂ ಎಕರೆಗೆ ಹತ್ತು-ಹನ್ನೆರಡು ಟನ್ ಒಣಕಸ ಬೇಕು. ಎರಡು ವರ್ಷದಲ್ಲಿ ಇಂಗಾಲ ದುಪ್ಪಟ್ಟು ಮಾಡುವ ಬಾಟಲಿ ಮಾರಲು ಬಂದವನಿಗೆ ಚಹಾ ಕುಡಿಸಿ ಈ ಲೆಕ್ಕ ಕೇಳಿ.

ಕುರಿ ತರುಬುವುದು, ಅಂದರೆ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುವುದು, ನಮ್ಮಲ್ಲಿ ಇನ್ನೂ ಉಳಿದಿರುವ ಪುಣ್ಯ. ಸಾವಿರ ಕುರಿ ಒಂದು ರಾತ್ರಿ ಮಲಗಿದರೆ, ಕುರಿಗೆ ಅರ್ಧ ಕೆ.ಜಿ. ಹಿಕ್ಕೆ ಹಿಡಿದರೂ ಐದು ಕ್ವಿಂಟಲ್, ಉಚ್ಚೆ ಬೇರೆ, ಟ್ರಾಲಿ ಖರ್ಚಿಲ್ಲ. ಜನವರಿ-ಫೆಬ್ರುವರಿಯಲ್ಲಿ ಬರುವ ಮಂದೆಯವರೊಂದಿಗೆ ದೀಪಾವಳಿಗೇ ಮಾತಾಡಿಕೊಳ್ಳಿ, ನೀರಿನ ವ್ಯವಸ್ಥೆ ಮಾಡಿ, ಇಂಥ ತುಂಡಿನಲ್ಲಿ ಇಷ್ಟು ರಾತ್ರಿ ಎಂದು ಗೊತ್ತು ಮಾಡಿ. ಒಮ್ಮೆ ಒಬ್ಬ ಹಿರಿಯ ಕುರಿಗಾಹಿ ನಮ್ಮ ಹೊಲದ ಬದುವಿನಲ್ಲೇ ನಿಂತು, ‘ಎಣ್ಣಿ ಹೊಡದು ಎಷ್ಟ ದಿನ ಆತ್ರಿ ಗೌಡ್ರ? ಮೊದ್ಲ ಅದನ್ನ ಹೇಳ್ರಿ, ಆಮ್ಯಾಲ ರೊಕ್ಕದ ಮಾತು’ ಎಂದ. ಎಣ್ಣಿ ಎಂದರೆ ಕೀಟನಾಶಕ. ಉತ್ತರ ಕೇಳಿ ಮಂದೆ ತಿರುಗಿಸಿಕೊಂಡು ಹೋದ. ಕೊನೆಯ ಎರಡು ಸಿಂಪರಣೆಯನ್ನು ನಾನು ಕೈಬಿಡಲು ಆ ಹಿಂತಿರುಗಿದ ಮಂದೆಯೇ ಕಾರಣ.

ಗೊಬ್ಬರ ಚೀಲ ಮತ್ತು ಲಾವಣಿ

ಡಿಎಪಿ ರಸಗೊಬ್ಬರವನ್ನು ಒಂದೇ ವರ್ಷದಲ್ಲಿ ಬಂದ್ ಮಾಡಬೇಡಿ. ಎಕರೆಗೊಂದು ಚೀಲ ಎಂದರೆ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕ, ತೊಗರಿಗೆ ಶಿಫಾರಸು ಇರುವುದೂ ಹೆಚ್ಚುಕಡಿಮೆ ಅಷ್ಟೇ. ಎರಡು ಚೀಲ ಹಾಕುತ್ತಿರುವವರು ಒಂದಕ್ಕೆ ಇಳಿಯಿರಿ, ಉಳಿದ ದುಡ್ಡಿಗೆ ಜಿಪ್ಸಂ, ಸತುವಿನ ಸಲ್ಫೇಟ್ ತನ್ನಿ. ಒಂದಕ್ಕಿಂತ ಕೆಳಗೆ ಇಳಿಸುವ ಮುಂಚೆ ಪ್ರತಿ ತುಂಡಿನಲ್ಲೂ ಕೂರಿಗೆಯ ಎರಡು ಸುತ್ತು ಅರ್ಧ ಗೊಬ್ಬರದಲ್ಲಿ ಬಿತ್ತಿ, ರಾಶಿಯನ್ನು ಬೇರೆಯೇ ತೂಗಿ. ಎರಡು ವರ್ಷ ತೂಕ ಸಮ ಬಂದರೆ ಆ ತುಂಡಿಗೆ ಮಾತ್ರ ಇಳಿಸಿ.

ಲಾವಣಿ ಹಾಕಿಕೊಂಡು, ಅಂದರೆ ಬೇರೆಯವರ ಹೊಲ ಗುತ್ತಿಗೆ ಹಿಡಿದು, ಇನ್ನೂರು-ಮುನ್ನೂರು ಎಕರೆ ಮಾಡುವವರಿಗೆ ಒಂದು ಖಡಕ್ ಮಾತು. ವರ್ಷದ ಲಾವಣಿಯ ಹೊಲದಲ್ಲಿ ಇದ್ಯಾವುದನ್ನೂ ಮಾಡಬೇಡಿ. ನೀವು ಮಣ್ಣು ಕಟ್ಟುತ್ತೀರಿ, ಮರುವರ್ಷ ಹೆಚ್ಚಿನ ಲಾವಣಿ ಕೊಟ್ಟವನು ಉಣ್ಣುತ್ತಾನೆ. ಐದು ವರ್ಷಕ್ಕೆ ಬರೆಸಿಕೊಳ್ಳಿ, ಒಡ್ಡು-ಹೊಂಡದ ಖರ್ಚಿನಲ್ಲಿ ಹೊಲದ ಧಣಿಯ ಪಾಲು ಎಷ್ಟು ಎಂಬುದನ್ನೂ ಕಾಗದದಲ್ಲಿ ಸೇರಿಸಿ. ಕಾರ್ಬನ್ ಕ್ರೆಡಿಟ್ ಕೊಡಿಸುತ್ತೇವೆ ಎಂದು ಬರುವವರ ಕಾಗದವನ್ನೂ ಹೀಗೇ ಓದಿ. ಮಣ್ಣು ಅಳೆಯುವವರು ಯಾರು, ಅಳೆಯುವ ಖರ್ಚು ಯಾರದು, ಮಧ್ಯೆ ಒಂದು ಸಲ ನೇಗಿಲು ಹೊಡೆದರೆ ದಂಡ ಇದೆಯೇ, ಲಾವಣಿ ಹೊಲವಾದರೆ ಸಹಿ ಯಾರದು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಆದರೆ ಎಪಿಎಂಸಿಯ ಹರಾಜಿನಲ್ಲಿ ನಿಮ್ಮ ಚೀಲಕ್ಕೆ ಅದರಿಂದ ತಾನಾಗಿ ಹೆಚ್ಚು ದರ ಬರುವುದಿಲ್ಲ. ಹೆಚ್ಚು ದರ ನಂಬಿ ಲೆಕ್ಕ ಹಾಕಬೇಡಿ, ಡೀಸೆಲ್ ಮತ್ತು ಗೊಬ್ಬರದಲ್ಲಿ ಉಳಿದದ್ದನ್ನಷ್ಟೇ ಲಾಭದ ಕಡೆ ಬರೆಯಿರಿ. ಮೊದಲ ಎರಡು ವರ್ಷ ಆ ಕಡೆ ಹೆಚ್ಚೇನೂ ಇರುವುದಿಲ್ಲ. ಅದಕ್ಕೇ ನೂರರಲ್ಲಿ ಹದಿನೈದು ಎಕರೆಯಿಂದ ಶುರು ಮಾಡಿ ಎನ್ನುವುದು.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೇಗೂ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೀರಿ. ಸಜ್ಜೆ ಕಡುಬು, ಭಜ್ಜಿ ಪಲ್ಯದ ಬುತ್ತಿಯ ಜೊತೆ ಒಂದು ಸಲಿಕೆಯೂ ಇರಲಿ. ಹಳೆ ಪದ್ಧತಿಯ ತುಂಡಿನಲ್ಲಿ ಒಂದು, ಹೊಸ ತುಂಡಿನಲ್ಲಿ ಒಂದು ತೊಗರಿ ಗಿಡವನ್ನು ಸುತ್ತ ಅಗೆದು ಬೇರು ಕಡಿಯದಂತೆ ಎತ್ತಿ. ತಾಯಿಬೇರು ಏಳೆಂಟು ಇಂಚಿನಲ್ಲಿ ಗಚ್ಚಿಗೆ ತಾಗಿ ಅಡ್ಡಕ್ಕೆ ತಿರುಗಿದೆಯೋ, ನೇರ ಇಳಿದಿದೆಯೋ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದು ತುಂಡಿನ ನಂಬರು, ವರ್ಷ ಬರೆದಿಡಿ. ಅಡ್ಡಕ್ಕೆ ತಿರುಗಿದ ತುಂಡುಗಳೇ ಮುಂದಿನ ಮಿರಗಕ್ಕೆ ಸೆಣಬಿನ ಸರದಿ.